ಜೂನ್ ಒಂದರ ಮಕ್ಕಳು

ನಮ್ಮ ಸೀಮೆಯಲ್ಲಿ ಐವತ್ತು ದಾಟಿದ ಹತ್ತು ಮಂದಿಯನ್ನು ನಿಲ್ಲಿಸಿ ಅವರ ಜನ್ಮದಿನಾಂಕವನ್ನು ಕೇಳಿ ನೋಡಿ. ಅರ್ಧಕ್ಕಿಂತ ಹೆಚ್ಚು ಮಂದಿ ಜೂನ್ ಒಂದು ಎಂದಾರು. ಸೃಷ್ಟಿಕರ್ತನಿಗೆ ವರ್ಷದಲ್ಲಿ ಆ ಒಂದು ದಿನ ಮಾತ್ರ ಕೈತುಂಬ ಕೆಲಸವಿತ್ತೇನೋ ಎಂದು ಹೊರಗಿನವರು ಬೆರಗಾಗಬೇಕು. ಆದರೆ ಅದು ಬ್ರಹ್ಮಸೃಷ್ಟಿಯಲ್ಲ, ನಮ್ಮಂಥ ಪ್ರಾಥಮಿಕ ಶಾಲೆಯ ಮೇಷ್ಟರುಗಳ ಸೃಷ್ಟಿ. ನನ್ನ ಜನ್ಮದಿನವೂ ಜೂನ್ ಒಂದೇ. ನಾನು ಹುಟ್ಟಿದ್ದು ದೀಪಾವಳಿಯ ಬಲಿಪಾಡ್ಯಮಿಯ ಮರುದಿನವೆಂದು ನನ್ನ ತಾಯಿ ಕೊನೆಯವರೆಗೂ ಹೇಳುತ್ತಿದ್ದರು. ಶಾಲೆಗೆ ಸೇರಿಸಿಕೊಂಡ ಪುಣ್ಯಾತ್ಮರು 1-6-1949 ಎಂದು ಬರೆದುಬಿಟ್ಟರು. ಅದರಿಂದಾಗಿ ನಾನು 2007ರ ಮೇ 31ರಂದು ನಿವೃತ್ತನಾದೆ. ಸುಮಾರು ಐದು ತಿಂಗಳ ಸಂಬಳ ಹೋಯಿತು. ನನಗಾದ ನಷ್ಟ ಅಷ್ಟೇ. ಆದರೆ ನನ್ನ ಕೈಬರಹದಿಂದ ಇನ್ನೊಬ್ಬರಿಗಾದ ನಷ್ಟವೊಂದಿದೆ. ಅದನ್ನು ಬರೆಯಬೇಕೆಂದು ಬಹುಕಾಲದಿಂದ ಅಂದುಕೊಂಡಿದ್ದೆ.

ನಾನು 1972ರಲ್ಲಿ ಕೆಲಸಕ್ಕೆ ಸೇರಿದೆ. ಸೇವೆಯ ಬಹುಭಾಗ ಕಳೆದದ್ದು ಶಿಕಾರಿಪುರ ಮತ್ತು ಸೊರಬ ತಾಲ್ಲೂಕುಗಳು ಕೂಡುವ ಕಡೆಯಲ್ಲಿ, ಬಂದಳಿಕೆಯ ಕಾಡಿಗೆ ದೂರವಲ್ಲದ ಹಳ್ಳಿಗಳಲ್ಲಿ. ಜನನ ಮರಣ ನೋಂದಣಿಗೆ 1969ರಲ್ಲಿಯೇ ಕಾಯ್ದೆ ಬಂದಿತ್ತಾದರೂ ಅದು ನಮ್ಮ ಹಳ್ಳಿಗಳ ಬಾಗಿಲಿಗೆ ಬರಲು ಬಹಳ ವರ್ಷಗಳು ಹಿಡಿದವು. ಹೆರಿಗೆಗಳೆಲ್ಲ ಮನೆಯಲ್ಲಿ, ಸೂಲಗಿತ್ತಿಯ ಕೈಯಲ್ಲಿ. ಜೂನ್ ತಿಂಗಳಲ್ಲಿ ತಂದೆಯೋ ಅಜ್ಜನೋ ಮಗುವಿನ ಕೈಹಿಡಿದು ತಂದು ನಿಲ್ಲಿಸಿದಾಗ ನಾವು ಕೇಳುವ ಪ್ರಶ್ನೆಗಳು ಇಷ್ಟೇ: ಕೆರೆ ಕೋಡಿ ಬಿದ್ದ ವರ್ಷವೋ, ಅದರ ಹಿಂದಿನದೋ? ಮಾರಿಜಾತ್ರೆಗೆ ಮೊದಲೋ, ಆಮೇಲೋ? ಅವರು "ಆರಿದ್ರಾ ಮಳೆ ಹಿಡಕೊಂಡಿತ್ತು ನೋಡಿ" ಎಂದೋ "ಭೂಮಿ ಹುಣ್ಣಿಮೆ ಹತ್ತಿರ" ಎಂದೋ ಹೇಳುವರು. ಕೊನೆಗೆ ಮಗುವಿನ ಬಲಗೈಯನ್ನು ನೆತ್ತಿಯ ಮೇಲಿಂದ ಹಾಯಿಸಿ ಎಡಗಿವಿ ಮುಟ್ಟಿಸುವುದು. ಮುಟ್ಟಿದರೆ ಆರು ವರ್ಷ ತುಂಬಿತು. ಶಾಲೆ ಆರಂಭವಾಗುವ ತಿಂಗಳಿಗೆ ವಯಸ್ಸು ಸರಿಹೊಂದಬೇಕಲ್ಲ, ಆದ್ದರಿಂದ ಜೂನ್ ಒಂದು. ಲೇಖನಿ ಒಂದು ಕ್ಷಣವೂ ಅಳುಕುತ್ತಿರಲಿಲ್ಲ.

1984ರ ಡಿಸೆಂಬರಿನಲ್ಲಿ ಆರನೆಯ ತರಗತಿಯ ಮಕ್ಕಳನ್ನು ಬಂದಳಿಕೆಗೆ ಕರೆದುಕೊಂಡು ಹೋಗಿದ್ದೆ. ಬುತ್ತಿ ಕಟ್ಟಿಕೊಂಡು, ಗಾಡಿಜಾಡಿನಲ್ಲಿ ನಡೆದೇ ಹೋದದ್ದು. ನಾಗರಖಂಡ ಎಪ್ಪತ್ತರ ಕೇಂದ್ರವಾಗಿದ್ದ ಬಂದಣಿಕೆ ಅದು. ಈಗ ಗಿಡಮರಗಳ ನಡುವೆ ಶಾಂತಿನಾಥ ಬಸದಿ, ಸೋಮೇಶ್ವರ, ತ್ರಿಮೂರ್ತಿ ದೇಗುಲಗಳ ಕಲ್ಲುಕಟ್ಟಡಗಳು ಮಾತ್ರ ಉಳಿದಿವೆ. ಮಕ್ಕಳನ್ನು ಬಸದಿಯ ಎದುರು ಕೂರಿಸಿ ಜಕ್ಕಿಯಬ್ಬೆಯ ಕಥೆ ಹೇಳಿದೆ. ಹತ್ತನೆಯ ಶತಮಾನದ ಆರಂಭ, ರಾಷ್ಟ್ರಕೂಟರ ಕಾಲ. ನಾಗರಖಂಡದ ನಾಳ್ಗಾವುಂಡನಾಗಿದ್ದ ಸತ್ತರಸ ನಾಗಾರ್ಜುನ ಮಡಿದಾಗ ಅವನ ಪದವಿಯನ್ನು ಹೆಂಡತಿಯಾದ ಜಕ್ಕಿಯಬ್ಬೆಗೆ ಕೊಟ್ಟರು. ಆಕೆ ಸಮರ್ಥವಾಗಿ ನಾಡನ್ನು ಆಳಿ, ದೇಹ ಸೋತಾಗ ಮಗಳಿಗೆ ಅಧಿಕಾರವನ್ನು ಒಪ್ಪಿಸಿ, ಬಂದಣಿಕೆಯ ಬಸದಿಯಲ್ಲಿ ವ್ರತ ಹಿಡಿದು ದೇಹ ಬಿಟ್ಟಳು. ಬಿ.ಎಲ್. ರೈಸ್ ಅವರು 1902ರಲ್ಲಿ ಪ್ರಕಟಿಸಿದ ಎಪಿಗ್ರಾಫಿಯಾ ಕರ್ನಾಟಿಕದ ಏಳನೆಯ ಸಂಪುಟದಲ್ಲಿ ಆ ಶಾಸನವಿದೆ. ಕಥೆ ಮುಗಿದಾಗ ಮುಂದಿನ ಸಾಲಿನಲ್ಲಿದ್ದ ಹುಡುಗಿಯೊಬ್ಬಳು, "ಆ ಮಗಳಿಗೆ ಆಗ ಎಷ್ಟು ವರ್ಷ ಮೇಷ್ಟ್ರೇ?" ಎಂದು ಕೇಳಿದಳು. ನನಗೆ ಉತ್ತರ ತಿಳಿದಿರಲಿಲ್ಲ. "ಊಟಕ್ಕೆ ಹೊತ್ತಾಯಿತು, ಏಳಿ" ಎಂದೆ.

ಹಾಗೆ ಕೇಳಿದ ಹುಡುಗಿಯ ಪಕ್ಕದಲ್ಲಿ, ಒಂದೇ ಬೆಂಚಿನಲ್ಲಿ ಕೂರುತ್ತಿದ್ದ ಇನ್ನೊಬ್ಬಳಿದ್ದಳು. ಲೆಕ್ಕದಲ್ಲಿ ತರಗತಿಗೇ ಮೊದಲು. 1985ರ ವೈಶಾಖದಲ್ಲಿ ಅವಳ ಮದುವೆಯಾಯಿತು. ನನ್ನದೇ ದಾಖಲಾತಿ ಪುಸ್ತಕದ ಪ್ರಕಾರ ಅವಳಿಗೆ ಹನ್ನೆರಡು ವರ್ಷ ತುಂಬುವುದರಲ್ಲಿತ್ತು. ತಂದೆ ಎಲೆ ಅಡಿಕೆ ಕೊಟ್ಟು ಕರೆದಿದ್ದರು. ನಾನು ಹೋದೆ, ಸ್ಟೀಲಿನ ಚೊಂಬೊಂದನ್ನು ಮುಯ್ಯಿ ಮಾಡಿದೆ, ಎರಡು ಸಲ ಬಡಿಸಿಕೊಂಡು ಹೋಳಿಗೆ ಉಂಡೆ. ಹೆಣ್ಣಿಗೆ ಹದಿನೆಂಟು, ಗಂಡಿಗೆ ಇಪ್ಪತ್ತೊಂದು ಎಂಬ 1978ರ ತಿದ್ದುಪಡಿ ನನಗೆ ತಿಳಿದಿತ್ತು. ಸಮಾಜ ವಿಜ್ಞಾನದ ಪಾಠದಲ್ಲಿ ಬೋರ್ಡಿನ ಮೇಲೆ ಬರೆಸಿಯೂ ಇದ್ದೆ. ಆದರೆ ಆ ಕಾನೂನು ನಮ್ಮೂರಿನ ಮದುವೆ ಚಪ್ಪರದೊಳಗೆ ಬರುತ್ತದೆ ಎಂಬ ಕಲ್ಪನೆಯೇ ನನಗಿರಲಿಲ್ಲ. ಜೂನಿನಲ್ಲಿ ಶಾಲೆ ತೆರೆದಾಗ ಆ ಬೆಂಚಿನ ಅರ್ಧ ಖಾಲಿಯಾಗಿತ್ತು. ಉಳಿದ ಅರ್ಧದಲ್ಲಿ ಕೂತವಳು ಮಧ್ಯಕ್ಕೆ ಸರಿಯಲಿಲ್ಲ. ಒಂದು ದಿನ ಶಾಲೆ ಬಿಟ್ಟ ಮೇಲೆ ನನ್ನ ಬಳಿ ಬಂದು, "ನೀವು ಊಟಕ್ಕೆ ಹೋಗಿದ್ದಿರಂತೆ, ಹೌದಾ ಮೇಷ್ಟ್ರೇ?" ಎಂದು ಮಾತ್ರ ಕೇಳಿದಳು. ಹೌದೆಂದೆ. ಅವಳು ಮತ್ತೇನೂ ಹೇಳದೆ ಚೀಲ ಎತ್ತಿಕೊಂಡು ಹೋದಳು.

ಹೀಗೆ ಪ್ರಶ್ನೆ ಕೇಳಿ ಸುಮ್ಮನಾಗುತ್ತಿದ್ದವಳು ಮುಂದೆ ಶಿವಮೊಗ್ಗದಲ್ಲಿ ಕಾನೂನು ಓದಿದಳು. 1996ರಲ್ಲಿ ವಕೀಲಿ ಆರಂಭಿಸಿ, ಕೆಲವು ವರ್ಷ ಜಿಲ್ಲಾ ನ್ಯಾಯಾಲಯದಲ್ಲಿ ದುಡಿದು, ಬಳಿಕ ಬೆಂಗಳೂರಿಗೆ ಹೋಗಿ ಸಾರ್ವಜನಿಕ ಹಿತಾಸಕ್ತಿಯ ಪ್ರಕರಣಗಳಲ್ಲಿ, ಮುಖ್ಯವಾಗಿ ಮಕ್ಕಳ ಪ್ರಕರಣಗಳಲ್ಲಿ ತೊಡಗಿಕೊಂಡಳು. ಅವಳ ಹೆಸರನ್ನು ಇಲ್ಲಿ ಬರೆಯುವುದಿಲ್ಲ. ಬರೆಯುವುದು ಅವಳಿಗೆ ಇಷ್ಟವಾಗದು.

ಈಗ 2004ರ ಸಂಗತಿಗೆ ಬರುತ್ತೇನೆ. ನಾನು ಮುಖ್ಯೋಪಾಧ್ಯಾಯನಾಗಿದ್ದೆ. ನ್ಯಾಯಾಲಯದಿಂದ ಸಮನ್ಸು ಬಂತು, ದಾಖಲಾತಿ ಪುಸ್ತಕದೊಡನೆ ಹಾಜರಾಗತಕ್ಕದ್ದು ಎಂದು. ನಮ್ಮ ಶಾಲೆಯಲ್ಲಿ ಓದಿದ್ದ ಹುಡುಗಿಯೊಬ್ಬಳನ್ನು ಕೆಲಸ ಕೊಡಿಸುತ್ತೇನೆಂದು ನಂಬಿಸಿ ಒಬ್ಬಾತ ದೂರದ ಊರಿಗೆ ಕರೆದೊಯ್ದಿದ್ದ. ಅವಳು ಹೇಗೋ ಹಿಂದಿರುಗಿ ಬಂದಿದ್ದಳು. ಹದಿನೆಂಟರ ಕೆಳಗಿನ ಹುಡುಗಿಯನ್ನು ಪೋಷಕರಿಗೆ ತಿಳಿಯದಂತೆ ಕರೆದೊಯ್ದರೆ ಅದು ಅಪಹರಣ. ಅವಳು ಒಪ್ಪಿ ಹೋದಳೆಂಬ ಮಾತು ನಿಲ್ಲುವುದಿಲ್ಲ. ಹದಿನೆಂಟು ತುಂಬಿದ್ದರೆ ಪ್ರಕರಣದ ಸ್ವರೂಪವೇ ಬೇರೆ. ಆದ್ದರಿಂದ ಎಲ್ಲವೂ ವಯಸ್ಸಿನ ಮೇಲೆ ನಿಂತಿತ್ತು. 1994ರಲ್ಲಿ ಅವಳನ್ನು ಶಾಲೆಗೆ ಸೇರಿಸಿಕೊಂಡವನು ನಾನು. ಪುಸ್ತಕದಲ್ಲಿ ನನ್ನ ಅಕ್ಷರದಲ್ಲಿ ಇದ್ದದ್ದು 1-6-1988.

ಪಾಟೀಸವಾಲಿಗೆ ಎದ್ದ ವಕೀಲರು ಸೌಮ್ಯವಾಗಿಯೇ ಕೇಳಿದರು.

"ಈ ತಾರೀಖನ್ನು ನಿಮಗೆ ಹೇಳಿದವರು ಯಾರು?"

"ಹುಡುಗಿಯ ಅಜ್ಜ."

"ಅವರು ಇದ್ದಾರೆಯೇ?"

"ತೀರಿಕೊಂಡಿದ್ದಾರೆ."

"ಯಾವ ದಾಖಲೆ ತೋರಿಸಿದರು?"

"ಯಾವುದೂ ಇಲ್ಲ."

"ಈ ಪುಟದಲ್ಲಿ ಹದಿನಾಲ್ಕು ಮಕ್ಕಳ ಹೆಸರಿದೆ. ಹದಿಮೂರು ಮಕ್ಕಳು ಜೂನ್ ಒಂದರಂದೇ ಹುಟ್ಟಿದ್ದಾರಲ್ಲ, ಅದು ಹೇಗೆ?"

ಹಿಂದಿನ ಬೆಂಚುಗಳಲ್ಲಿ ಕೂತಿದ್ದವರು ನಕ್ಕರು. ಬೆಂಚುಗಾರ ಗದರಿದ ಮೇಲೆ ಸುಮ್ಮನಾದರು. ನಾನು ಕಟಕಟೆಯ ಮರವನ್ನು ಹಿಡಿದುಕೊಂಡು ನಿಂತಿದ್ದೆ. ಮೂವತ್ತೆರಡು ವರ್ಷ ಮಕ್ಕಳನ್ನು ಪ್ರಶ್ನೆ ಕೇಳಿದವನಿಗೆ ಉತ್ತರವಿಲ್ಲದೆ ನಿಲ್ಲುವುದೆಂದರೆ ಏನೆಂದು ಆ ದಿನ ತಿಳಿಯಿತು. ಆ ಹುಡುಗಿ ಬಾಗಿಲ ಬಳಿ ತಾಯಿಯ ಸೆರಗು ಹಿಡಿದು ನಿಂತು ನನ್ನನ್ನೇ ನೋಡುತ್ತಿದ್ದಳು.

ಆ ವಕೀಲರ ಮೇಲೆ ನನಗೆ ಸಿಟ್ಟಿಲ್ಲ. ಅವರು ಹೇಳಿದ ನ್ಯಾಯ ಹೊಸದಲ್ಲ. ಶಾಲಾ ದಾಖಲೆಯ ಜನ್ಮದಿನಾಂಕವನ್ನು ಯಾರು, ಯಾವ ಆಧಾರದ ಮೇಲೆ ಹೇಳಿದರೆಂಬುದು ಸಾಬೀತಾಗದಿದ್ದರೆ ಅದಕ್ಕೆ ಸಾಕ್ಷ್ಯದ ಬೆಲೆ ಇಲ್ಲವೆಂದು ಸುಪ್ರೀಂ ಕೋರ್ಟು 1988ರಲ್ಲಿಯೇ ಬಿರದ್ ಮಲ್ ಸಿಂಘ್ವಿ ಪ್ರಕರಣದಲ್ಲಿ ಹೇಳಿತ್ತು. ಮೂಳೆ ಪರೀಕ್ಷೆ ಮಾಡಿದ ವೈದ್ಯರು ಹದಿನಾರರಿಂದ ಹದಿನೆಂಟು ಎಂದು ಬರೆದಿದ್ದರು. ಅಂಥ ಪರೀಕ್ಷೆಯಲ್ಲಿ ಎರಡು ವರ್ಷ ಹಿಂದುಮುಂದಾಗಬಹುದೆಂಬುದೂ 1982ರಷ್ಟು ಹಿಂದೆಯೇ ಅದೇ ನ್ಯಾಯಾಲಯ ಜಯಮಾಲಾ ಪ್ರಕರಣದಲ್ಲಿ ಒಪ್ಪಿದ ಮಾತು. ಸಂಶಯ ಬಂದರೆ ಅದರ ಲಾಭ ಆರೋಪಿಗೆ. ಆತ ಬಿಡುಗಡೆಯಾದ.

ಆ ರಾತ್ರಿ ನನ್ನ ಹಳೆಯ ಶಿಷ್ಯೆಗೆ ಪತ್ರ ಬರೆದೆ. ವಾರದೊಳಗೆ ಉತ್ತರ ಬಂತು. ಸಮಾಧಾನದ ಮಾತೂ ಇರಲಿಲ್ಲ, ದೂಷಣೆಯೂ ಇರಲಿಲ್ಲ. ಅದರ ತಾತ್ಪರ್ಯ ಇದು: ಮೇಷ್ಟ್ರೇ, ನೀವೊಬ್ಬರು ತಪ್ಪು ಬರೆದಿದ್ದರೆ ಅದು ತಪ್ಪು, ರಾಜ್ಯದ ಮೇಷ್ಟರುಗಳೆಲ್ಲ ಹಾಗೆಯೇ ಬರೆದಿದ್ದರೆ ಅದು ವ್ಯವಸ್ಥೆ. ಮಗುವಿನ ವಯಸ್ಸನ್ನು ಯಾವ ಕ್ರಮದಲ್ಲಿ ನಿರ್ಧರಿಸಬೇಕೆಂದು 2000ದ ಬಾಲನ್ಯಾಯ ಕಾಯ್ದೆ ಸ್ಪಷ್ಟವಾಗಿ ಹೇಳಿಲ್ಲ. ಮಕ್ಕಳ ಪರವಾಗಿ ದುಡಿಯುವವರು ಕೇಳಬೇಕಾದದ್ದು ಅದನ್ನೇ. ಅದಿರಲಿ, ನಿಮಗೆ ಇನ್ನೂ ಮೂರು ಜೂನ್‌ಗಳಿವೆ. ಏನು ಮಾಡುತ್ತೀರಿ?

ವಕೀಲಿ ಎಂದರೆ ಕರಿಕೋಟು ತೊಟ್ಟು ಗಟ್ಟಿಯಾಗಿ ವಾದಿಸುವುದು ಎಂದುಕೊಂಡಿದ್ದ ನನಗೆ ಅವಳ ಕಸುಬು ನಿಧಾನವಾಗಿ ಅರ್ಥವಾದದ್ದು ಅಂಥ ಪತ್ರಗಳಿಂದ. ನೊಂದವರೇ ನ್ಯಾಯಾಲಯದ ಬಾಗಿಲು ತಟ್ಟಬೇಕೆಂಬ ಹಳೆಯ ಕಟ್ಟು 1980ರ ಆಸುಪಾಸಿನಲ್ಲಿ ಸಡಿಲವಾಯಿತು. ನ್ಯಾಯಮೂರ್ತಿ ಪಿ.ಎನ್. ಭಗವತಿ ಮೊದಲಾದವರು ಅಂಚೆ ಕಾಗದವನ್ನೂ ಅರ್ಜಿಯೆಂದು ಸ್ವೀಕರಿಸಿದರು. ಮಕ್ಕಳಿಗೆ ಇದರಿಂದಾದ ಉಪಕಾರ ದೊಡ್ಡದು, ಏಕೆಂದರೆ ಮಗು ತಾನಾಗಿ ನ್ಯಾಯಾಲಯಕ್ಕೆ ಹೋಗಲಾರದು, ಅದನ್ನು ಕರೆದೊಯ್ಯಬೇಕಾದ ಪೋಷಕರೇ ಕೆಲವೊಮ್ಮೆ ಎದುರು ಪಕ್ಷದಲ್ಲಿರುತ್ತಾರೆ. ಪತ್ರಕರ್ತೆ ಶೀಲಾ ಬಾರ್ಸೆ ಜೈಲುಗಳಲ್ಲಿದ್ದ ಮಕ್ಕಳ ಪರವಾಗಿ ಹೋದದ್ದು, ಆ ಕುರಿತು 1986ರ ಆದೇಶಗಳು; ನಮ್ಮ ರಾಜ್ಯದ ಡೊನೇಷನ್ ಹಾವಳಿಯಿಂದ ಹುಟ್ಟಿದ 1992ರ ಮೋಹಿನಿ ಜೈನ್ ಪ್ರಕರಣ; ಹದಿನಾಲ್ಕು ವರ್ಷದವರೆಗಿನ ಶಿಕ್ಷಣ ಮೂಲಭೂತ ಹಕ್ಕೆಂದ 1993ರ ಉನ್ನಿಕೃಷ್ಣನ್ ತೀರ್ಪು; ಶಿವಕಾಶಿಯ ಬಾಲಕಾರ್ಮಿಕರ ಬಗ್ಗೆ ಎಂ.ಸಿ. ಮೆಹ್ತಾ ಪ್ರಕರಣದಲ್ಲಿ 1996ರಲ್ಲಿ ಬಂದ ತೀರ್ಪು. ಇವೆಲ್ಲ ಒಂದೊಂದು ಮೆಟ್ಟಿಲು. ಆ ಮೆಟ್ಟಿಲುಗಳನ್ನು ಏರಿಯೇ 2002ರ ಸಂವಿಧಾನ ತಿದ್ದುಪಡಿ, 2009ರ ಶಿಕ್ಷಣ ಹಕ್ಕು ಕಾಯ್ದೆ ಬಂದವು.

ನಮ್ಮ ರಾಜ್ಯದ ಬಾಲ್ಯವಿವಾಹದ ಕಥೆಯನ್ನೇ ನೋಡಿ. 1929ರ ಶಾರದಾ ಕಾಯ್ದೆ ಶಿಕ್ಷೆಯ ಮಾತನಾಡಿತೇ ಹೊರತು ಆದ ಮದುವೆಯನ್ನು ಊರ್ಜಿತವೆಂದೇ ಬಿಟ್ಟಿತ್ತು. 2006ರಲ್ಲಿ ಮುತ್ತಮ್ಮ ದೇವಯ್ಯ ಮತ್ತು ಇನ್ನೊಬ್ಬರು ಬಾಲ್ಯವಿವಾಹಗಳನ್ನು ತಡೆಯಬೇಕೆಂದು ರಾಜ್ಯ ಹೈಕೋರ್ಟಿಗೆ ಸಾರ್ವಜನಿಕ ಹಿತಾಸಕ್ತಿ ಅರ್ಜಿ ಸಲ್ಲಿಸಿದರು. ಅದರ ಫಲವಾಗಿ ಸುಪ್ರೀಂ ಕೋರ್ಟಿನ ನಿವೃತ್ತ ನ್ಯಾಯಮೂರ್ತಿ ಶಿವರಾಜ ಪಾಟೀಲರ ನೇತೃತ್ವದಲ್ಲಿ ಸಮಿತಿ ರಚನೆಯಾಗಿ 2011ರಲ್ಲಿ ವರದಿ ಬಂತು. ಅಷ್ಟರಲ್ಲಿ ಕೇಂದ್ರದ ಹೊಸ ಕಾಯ್ದೆ 2007ರ ನವೆಂಬರಿನಿಂದ ಜಾರಿಯಾಗಿತ್ತಾದರೂ, ಅದರಂತೆ ಮದುವೆಯನ್ನು ರದ್ದುಪಡಿಸಲು ಆ ಮಗುವೇ ಮುಂದೆ ಬಂದು ಕೇಳಬೇಕಿತ್ತು. ಕರ್ನಾಟಕ ತನ್ನ 2016ರ ತಿದ್ದುಪಡಿಯಿಂದ, ಅದು ಜಾರಿಯಾದ ಬಳಿಕ ನಡೆಯುವ ಬಾಲ್ಯವಿವಾಹ ಮೊದಲಿನಿಂದಲೇ ಅಸಿಂಧು ಎಂದು ಸಾರಿತು. 2017ರ ಅಕ್ಟೋಬರಿನಲ್ಲಿ ಸುಪ್ರೀಂ ಕೋರ್ಟು ಇಂಡಿಪೆಂಡೆಂಟ್ ಥಾಟ್ ಪ್ರಕರಣದ ತೀರ್ಪಿನಲ್ಲಿ ಈ ತಿದ್ದುಪಡಿಯನ್ನು ಮೆಚ್ಚಿ ಬರೆಯಿತು. ಅರ್ಜಿಯಿಂದ ತಿದ್ದುಪಡಿಗೆ ಹತ್ತು ವರ್ಷ. ಈ ಯಾವ ಪ್ರಕರಣದಲ್ಲಿಯೂ ನನ್ನ ಶಿಷ್ಯೆಯ ಪಾತ್ರವಿಲ್ಲ. ಅವಳು ಇಂಥದೇ ಹತ್ತಾರು ಕಡತಗಳ ಹಿಂದೆ ಓಡಾಡಿದವಳು: ಕರಡು ನಿಯಮಗಳನ್ನು ಓದಿ ಆಕ್ಷೇಪಣೆ ಬರೆಯುವುದು, ಸರ್ಕಾರಿ ಆದೇಶ ಹೊರಟಿದೆಯೇ ಎಂದು ಇಲಾಖೆಗಳ ಮೆಟ್ಟಿಲು ಹತ್ತುವುದು, ಮುಂದಿನ ತಾರೀಖಿಗೆ ಕಾಯುವುದು. "ಒಂದು ವಾಕ್ಯದಲ್ಲಿ ಒಂದು ಪದ ಬದಲಾಗಲು ನಾಲ್ಕು ವರ್ಷ ಹಿಡಿಯಿತು ಮೇಷ್ಟ್ರೇ" ಎಂದು ಒಮ್ಮೆ ಬರೆದಿದ್ದಳು. ಅದು ದೂರಾಗಿರಲಿಲ್ಲ, ಲೆಕ್ಕ ಒಪ್ಪಿಸಿದಂತಿತ್ತು.

ಪದಗಳಿಗೂ ಸಂಖ್ಯೆಗಳಿಗೂ ಎಷ್ಟು ತೂಕವೆಂಬುದಕ್ಕೆ ಶಾಲೆಯದೇ ಇನ್ನೊಂದು ಉದಾಹರಣೆ ಕೊಡಬಹುದು. ಶಾಲೆಯಿಂದ ಹೊರಗುಳಿದ ಮಕ್ಕಳ ಬಗ್ಗೆ ಬಂದ ಪತ್ರಿಕಾ ವರದಿಯನ್ನೇ ಆಧಾರವಾಗಿಟ್ಟುಕೊಂಡು ನಮ್ಮ ಹೈಕೋರ್ಟು 2013ರಲ್ಲಿ ತಾನಾಗಿ ಪ್ರಕರಣ ದಾಖಲಿಸಿಕೊಂಡಿತು. ಅದಕ್ಕೆ ಮೊದಲು ಅರುವತ್ತು ದಿನ ಸತತವಾಗಿ ಬಾರದ ಮಗು ಮಾತ್ರ ಶಾಲೆ ಬಿಟ್ಟ ಮಗು. ಆ ಪ್ರಕರಣದ ಬಳಿಕ ಏಳು ದಿನ ಬಾರದಿದ್ದರೇ ವಿಚಾರಿಸಬೇಕು ಎಂದಾಯಿತು. ಅರುವತ್ತು ದಿನಗಳಲ್ಲಿ ಒಂದು ಮದುವೆ ಮುಗಿದು ಹೆಣ್ಣು ಗಂಡನ ಮನೆ ಸೇರಿ ಹೊಂದಿಕೊಂಡೂ ಆಗಿರುತ್ತದೆ. ಏಳು ದಿನಕ್ಕೆ ಹೋಗಿ ಕೇಳಿದರೆ ಚಪ್ಪರದ ಕಂಬವಾದರೂ ಕಾಣಿಸೀತು.

ಬಂದಳಿಕೆಯಿಂದ ಬಹಳ ದೂರವಲ್ಲದ ಬಳ್ಳಿಗಾವಿಯ ಕೋಡಿಯಮಠದ ಹನ್ನೆರಡನೆಯ ಶತಮಾನದ ಶಾಸನ, ಅಲ್ಲಿ ದೀನರಿಗೂ ಅನಾಥರಿಗೂ ಅನ್ನವಿತ್ತು, ರೋಗಿಗಳಿಗೆ ಔಷಧವಿತ್ತು, ವಿದ್ಯೆಯಿತ್ತು ಎಂದು ಹೇಳುತ್ತದೆ. ದಿಕ್ಕಿಲ್ಲದವರನ್ನು ಕಾಯುವುದು ಈ ನೆಲಕ್ಕೆ ಹೊಸದಲ್ಲ. ಆದರೆ ಅದು ಕೊಡುವವರ ಧರ್ಮವಾಗಿತ್ತು, ಪಡೆಯುವವರ ಹಕ್ಕಾಗಿರಲಿಲ್ಲ. ಕೊಡುವವನು ಮನಸ್ಸು ಬದಲಿಸಿದರೆ ಕೇಳಲು ಜಾಗವಿರಲಿಲ್ಲ. ಮಗುವೊಂದು ಹಕ್ಕಿನಿಂದ ಕೇಳಬಹುದೆಂಬ ಮಾತನ್ನು ವಿಶ್ವಸಂಸ್ಥೆ 1989ರಲ್ಲಿ ಒಡಂಬಡಿಕೆಯಾಗಿ ಬರೆಯಿತು, ನಮ್ಮ ದೇಶ 1992ರಲ್ಲಿ ಅದನ್ನು ಒಪ್ಪಿತು.

ಕಾನೂನಿನಿಂದ ಎಲ್ಲವೂ ಸರಿಹೋಗುತ್ತದೆಂಬ ಭ್ರಮೆ ನನಗಿಲ್ಲ, ನನ್ನ ಶಿಷ್ಯೆಗೂ ಇಲ್ಲ. ಅಸಿಂಧುವಾದ ಮದುವೆಯ ಹುಡುಗಿ ಎಲ್ಲಿಗೆ ಹೋಗಬೇಕು? ಅವಳಿಗೆ ಜೀವನಾಂಶವುಂಟು, ಹುಟ್ಟಿದ ಮಗು ನ್ಯಾಯಬದ್ಧವೇ ಎಂದು ಕಾಯ್ದೆ ಹೇಳುತ್ತದೆ, ಆದರೆ ತವರಿನ ಬಾಗಿಲನ್ನು ಕಾಯ್ದೆ ತೆರೆಸಲಾರದು. 2012ರ ಪೋಕ್ಸೊ ಕಾಯ್ದೆ ಎಷ್ಟೋ ಮಕ್ಕಳಿಗೆ ರಕ್ಷೆಯಾಯಿತು. ಅದೇ ಕಾಯ್ದೆಯಡಿ, ಹದಿನೇಳರ ಹುಡುಗಿ ಮೆಚ್ಚಿ ಜೊತೆಯಲ್ಲಿ ಹೋದ ಇಪ್ಪತ್ತರ ಹುಡುಗ ಜೈಲು ಸೇರಿದ್ದೂ ಉಂಟು. ವಯೋಮಿತಿಯನ್ನು ಮರುಚಿಂತಿಸಬೇಕೇ ಎಂದು ನಮ್ಮ ಹೈಕೋರ್ಟಿನ ಧಾರವಾಡ ಪೀಠ 2022ರಲ್ಲಿ ಕೇಳಿತು. ಇಳಿಸುವುದು ಬೇಡವೆಂದು ಕಾನೂನು ಆಯೋಗ 2023ರಲ್ಲಿ ಹೇಳಿತು. 2024ರ ಅಕ್ಟೋಬರಿನಲ್ಲಿ ಸುಪ್ರೀಂ ಕೋರ್ಟು, ಶಿಕ್ಷಿಸುವುದಕ್ಕಿಂತ ಮೊದಲೇ ತಡೆಯುವುದರ ಮೇಲೆ ಒತ್ತು ಇರಲಿ ಎಂದಿತು. ತಡೆಯಬೇಕಾದವರು ಯಾರು? ನಮ್ಮ ರಾಜ್ಯದಲ್ಲಿ ಬಾಲ್ಯವಿವಾಹ ನಿಷೇಧಾಧಿಕಾರಿಗಳ ಪಟ್ಟಿಯಲ್ಲಿ ತಹಶೀಲ್ದಾರರ ಜೊತೆಗೆ ಶಾಲೆಯ ಮುಖ್ಯೋಪಾಧ್ಯಾಯರೂ ಇದ್ದಾರೆ. ನಾನು ಹೋಳಿಗೆ ಉಂಡ ಚಪ್ಪರಕ್ಕೆ ಇಂದು ನನ್ನಂಥವನು ಅಧಿಕಾರಿಯಾಗಿ ಹೋಗಬೇಕು.

ಉಳಿದ ಮೂರು ಜೂನ್‌ಗಳಲ್ಲಿ ನಾನು ಮಾಡಿದ್ದು ಸಣ್ಣ ಕೆಲಸ. ಅಂಗನವಾಡಿಯ ಪುಸ್ತಕ ತರಿಸಿದೆ, ಆರೋಗ್ಯ ಕೇಂದ್ರದ ದಾದಿಯಮ್ಮನಿಂದ ಚುಚ್ಚುಮದ್ದಿನ ಚೀಟಿ ಕೇಳಿ ಪಡೆದೆ, ಜನ್ಮದಿನಾಂಕದ ಪಕ್ಕದಲ್ಲಿ ಆಧಾರ ಯಾವುದೆಂದು, ಹೇಳಿದವರು ಯಾರೆಂದು ಬರೆದು ಅವರ ಸಹಿ ಇಲ್ಲವೇ ಹೆಬ್ಬೆಟ್ಟು ತೆಗೆದುಕೊಂಡೆ. ಆ ಮೂರು ವರ್ಷಗಳ ಪುಟಗಳಲ್ಲಿ ಎಲ್ಲ ತಿಂಗಳುಗಳೂ ಇವೆ. ನಾನು ನಿವೃತ್ತನಾದ ವರ್ಷವೇ, 2007ರ ಬಾಲನ್ಯಾಯ ನಿಯಮಗಳು ವಯಸ್ಸು ನಿರ್ಧಾರಕ್ಕೆ ಕ್ರಮವನ್ನು ಹಾಕಿಕೊಟ್ಟವು. ಅಪರಾಧಕ್ಕೆ ಬಲಿಯಾದ ಮಗುವಿಗೂ ಅದೇ ಕ್ರಮ ಸಲ್ಲುತ್ತದೆಂದು 2013ರ ಜರ್ನೈಲ್ ಸಿಂಗ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟು ಹೇಳಿತು. 2015ರ ಕಾಯ್ದೆಯ 94ನೆಯ ಕಲಮಿನ ಪ್ರಕಾರ ಶಾಲೆಯ ಜನ್ಮದಿನಾಂಕ ಪತ್ರ ಅಥವಾ ಎಸ್ಸೆಸ್ಸೆಲ್ಸಿ ಪ್ರಮಾಣಪತ್ರ ಮೊದಲು, ಅದಿಲ್ಲದಿದ್ದರೆ ಪಂಚಾಯತಿಯ ಅಥವಾ ನಗರಸಭೆಯ ಜನನಪತ್ರ, ಎರಡೂ ಇಲ್ಲದಿದ್ದರೆ ಮಾತ್ರ ಮೂಳೆ ಪರೀಕ್ಷೆ. ಮೇಷ್ಟರ ಲೇಖನಿ ವೈದ್ಯರ ಎಕ್ಸರೇಗಿಂತ ಮುಂದೆ ನಿಂತಿದೆ. 2023ರ ಅಕ್ಟೋಬರಿನಿಂದ ಈಚೆಗೆ ಹುಟ್ಟಿದವರಿಗೆ ಶಾಲೆ ಸೇರಲು ಜನನ ಪ್ರಮಾಣಪತ್ರವೇ ಬೇಕು. ಜೂನ್ ಒಂದರ ಪೀಳಿಗೆ ಅಲ್ಲಿಗೆ ಮುಗಿಯುತ್ತದೆ. ಆದರೆ ಈಗ ತರಗತಿಗಳಲ್ಲಿರುವ ಮಕ್ಕಳೆಲ್ಲ ಅದಕ್ಕೂ ಮೊದಲು ಹುಟ್ಟಿದವರು. ಇದನ್ನು ಓದುವವರಲ್ಲಿ ಶಿಕ್ಷಕ ಮಿತ್ರರಿದ್ದರೆ ನನ್ನ ವಿನಂತಿ ಒಂದೇ: ಆ ಅಂಕಣವನ್ನು ತುಂಬುವ ಮೊದಲು ಒಂದು ಗಳಿಗೆ ತಡೆಯಿರಿ.

ಕೊನೆಗೊಂದು ಮಾತು. ಅಂದು ನ್ಯಾಯಾಲಯದಲ್ಲಿ ಹದಿನಾಲ್ಕು ಹೆಸರುಗಳಲ್ಲಿ ಹದಿಮೂರು ಜೂನ್ ಒಂದು ಎಂದರಲ್ಲ, ಉಳಿದ ಒಂದು ಯಾರದೆಂದು ವಕೀಲರು ಕೇಳಲಿಲ್ಲ. 1994ರ ಜೂನಿನಲ್ಲಿ ಒಬ್ಬ ತಾಯಿ ಮಗಳನ್ನು ಕರೆತಂದಿದ್ದಳು. ಇಪ್ಪತ್ತೊಂದರ ವಯಸ್ಸಿಗೆ ಮೀರಿದ ಆಯಾಸ ಮುಖದಲ್ಲಿತ್ತು. ಲೆಕ್ಕದಲ್ಲಿ ಮೊದಲಿಗಳಾಗಿದ್ದ, ಅರ್ಧ ಬೆಂಚು ಖಾಲಿ ಬಿಟ್ಟುಹೋದ ಅದೇ ಹುಡುಗಿ. ಗಂಡನ ಮನೆಯಿಂದ ಹಿಂದಿರುಗಿ ತವರಿನಲ್ಲಿದ್ದಳು. ನಾನು ಅಭ್ಯಾಸದಂತೆ ಲೇಖನಿ ಎತ್ತಿದಾಗ ಅವಳು ಸೆರಗಿನ ಗಂಟಿನಿಂದ ಆಸ್ಪತ್ರೆಯ ಚೀಟಿಯೊಂದನ್ನು ಬಿಚ್ಚಿ ಮೇಜಿನ ಮೇಲಿಟ್ಟಳು. 1988ರ ಫೆಬ್ರವರಿ 19, ಬೆಳಗಿನ ನಾಲ್ಕೂ ಹತ್ತು ಎಂದಿತ್ತು.

"ಇವಳಿಗೂ ಜೂನ್ ಒಂದು ಬರೀಬೇಡಿ ಮೇಷ್ಟ್ರೇ" ಎಂದಳು.

ನಾನು ಚೀಟಿಯನ್ನು ನೋಡಿ ಹಾಗೆಯೇ ಬರೆದೆ. ಆದರೆ ಅವಳು ಏಕೆ ಹಾಗೆ ಹೇಳಿದಳೆಂಬುದು ನನಗೆ ತಿಳಿಯಲು ಇನ್ನೂ ಹತ್ತು ವರ್ಷ ಹಿಡಿಯಿತು.